ನಿಂತ ಆಯಿಲ್ ಸೀದುಹೋಗುತ್ತದೆ

(ಮೂಡಿಗೆರೆಯಲ್ಲಿ ಕಾರು, ಜೀಪು, ಪಿಕಪ್ ಇಟ್ಟುಕೊಂಡವರ ಮುಂದೆ, ಗಾಡಿ ರಿಪೇರಿ ಶೆಡ್ ನಡೆಸುವ ನಾನು ಟರ್ಬೊ ಬಗ್ಗೆ ಆಡಿದ ಮಾತಿನ ಬರಹ ರೂಪ ಇದು. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಒಂದು ಬೋಲ್ಟನ್ನು ನಿಮ್ಮ ಕೈಗೆ ಕೊಡುತ್ತೇನೆ. ನೋಡಿ, ಪಕ್ಕದವರಿಗೆ ದಾಟಿಸಿ.

ಕಿರುಬೆರಳಿನಷ್ಟೂ ಉದ್ದ ಇಲ್ಲ. ನಡುವೆ ಟೊಳ್ಳು, ಪಕ್ಕದಲ್ಲಿ ಒಂದು ತೂತು. ಇದಕ್ಕೆ ಬ್ಯಾಂಜೊ ಬೋಲ್ಟ್ ಅಂತಾರೆ. ಎಂಜಿನ್‌ನಿಂದ ಟರ್ಬೊಗೆ ಹೋಗುವ ಆಯಿಲ್ ಎಲ್ಲ ಈ ತೂತಿನಲ್ಲೇ ಹಾದುಹೋಗಬೇಕು. ಈಗ ಬೆಳಕಿಗೆ ಹಿಡಿದು ನೋಡಿ. ಆಚೆ ಕಡೆ ಕಾಣುತ್ತದಾ? ಕಾಣುವುದಿಲ್ಲ. ಒಳಗೆ ಕರ್ರಗೆ ಗಟ್ಟಿಯಾಗಿ ಏನೋ ಕೂತಿದೆ. ಉಗುರಿನಲ್ಲಿ ಕೆರೆದರೆ ಬರುವುದಿಲ್ಲ. ಪಿನ್ ಹಾಕಿ ಮೀಟಿದರೆ ಚೂರು ಚೂರಾಗಿ ಉದುರುತ್ತದೆ. ಪಾಯಸ ತಳ ಹತ್ತಿದರೆ ಪಾತ್ರೆಯಲ್ಲಿ ಕಪ್ಪು ಹಕ್ಕಳೆ ಉಳಿಯುತ್ತದಲ್ಲ, ಹಾಗೆ. ಅದು ಹೊರಗಿನಿಂದ ಬಂದ ಕಸ ಅಲ್ಲ, ಆಯಿಲ್. ಸೀದುಹೋದ ಆಯಿಲ್.

ಇವತ್ತಿನ ನನ್ನ ಮಾತೆಲ್ಲ ಈ ಒಂದು ತೂತಿನ ಸುತ್ತಲೇ ಇರುತ್ತದೆ.

ಟರ್ಬೊ ಅಂದರೆ ಏನು ಅಂತ ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತು. ಗೊತ್ತಿಲ್ಲದವರಿಗೆ ಒಂದೇ ಮಾತಿನಲ್ಲಿ ಹೇಳುತ್ತೇನೆ. ಒಂದು ಸಣ್ಣ ಶಾಫ್ಟ್, ಅದರ ಎರಡು ತುದಿಗೆ ರೆಕ್ಕೆ ಇರುವ ಎರಡು ಚಕ್ರ. ಎಂಜಿನ್‌ನಿಂದ ಹೊರಬೀಳುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಆಗ ಇನ್ನೊಂದು ತುದಿಯ ಚಕ್ರವೂ ತಿರುಗಿ ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಎಂಜಿನ್‌ಗೆ ತುಂಬುತ್ತದೆ. ಗಾಳಿ ಜಾಸ್ತಿ ಸಿಕ್ಕಿದರೆ ಡೀಸೆಲ್ ಜಾಸ್ತಿ ಉರಿಸಬಹುದು. 1.3 ಲೀಟರಿನ ಪುಟ್ಟ ಎಂಜಿನ್ ಐದು ಜನರನ್ನೂ ಅವರ ಸಾಮಾನನ್ನೂ ಹೊತ್ತು ಚಾರ್ಮಾಡಿ ಘಾಟಿ ಹತ್ತುವುದು ಹೀಗೆ.

ಈ ಶಾಫ್ಟ್ ಎಷ್ಟು ಜೋರಾಗಿ ತಿರುಗುತ್ತದೆ ಅನ್ನುವುದು ಗೊತ್ತಾದರೆ ಮುಂದಿನ ಮಾತು ಸುಲಭ. ನಿಮ್ಮ ಎಂಜಿನ್ 3,000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 3,000 ಸುತ್ತಿನಲ್ಲಿ ಇದ್ದರೆ ಸೆಕೆಂಡಿಗೆ 50 ಸುತ್ತು. ಸಣ್ಣ ಕಾರಿನ ಟರ್ಬೊ ನಿಮಿಷಕ್ಕೆ ಎರಡು ಲಕ್ಷ ಸುತ್ತು ಮುಟ್ಟುತ್ತದೆ. ಅಂದರೆ ಸೆಕೆಂಡಿಗೆ 3,300ಕ್ಕೂ ಜಾಸ್ತಿ. ಆ ವೇಗದಲ್ಲಿ ಚಕ್ರದ ರೆಕ್ಕೆಯ ತುದಿ ಶಬ್ದಕ್ಕಿಂತ ವೇಗವಾಗಿ ಓಡುತ್ತಿರುತ್ತದೆ. ಇಂಥ ಶಾಫ್ಟಿಗೆ ಸಾಮಾನ್ಯವಾಗಿ ಬಾಲ್ ಬೇರಿಂಗ್ ಇರುವುದಿಲ್ಲ. ಅದು ಆಯಿಲ್ ಮೇಲೆ ತೇಲುತ್ತದೆ. ಕೂದಲೆಳೆಗಿಂತ ತೆಳುವಾದ ಆಯಿಲ್ ಪೊರೆ, ಅಷ್ಟೇ ಅದಕ್ಕೆ ಆಸರೆ. ಪೊರೆ ಇರುವವರೆಗೆ ಲೋಹಕ್ಕೆ ಲೋಹ ತಾಗುವುದಿಲ್ಲ, ಸವೆತವೂ ಇಲ್ಲದ ಹಾಗೆಯೇ. ಪೊರೆ ಹರಿಯಿತೋ, ಕೆಲವು ಸೆಕೆಂಡ್ ಸಾಕು.

ಆಯಿಲ್‌ಗೆ ಇನ್ನೊಂದು ಕೆಲಸವೂ ಇದೆ, ಬಿಸಿಯನ್ನು ಹೊತ್ತುಕೊಂಡು ಹೋಗುವುದು. ಹೊಗೆಯ ಕಡೆಯ ಚಕ್ರದ ಹತ್ತಿರ ಡೀಸೆಲ್ ಗಾಡಿಯಲ್ಲಿ 700-800 ಡಿಗ್ರಿ ಬಿಸಿ ಇರಬಹುದು. ಪೆಟ್ರೋಲ್ ಟರ್ಬೊದಲ್ಲಿ 900 ದಾಟುತ್ತದೆ. ರಾತ್ರಿ ಹೊತ್ತು ಜೋರಾಗಿ ಓಡಿಸಿ ಬಾನೆಟ್ ತೆಗೆದರೆ ಒಮ್ಮೊಮ್ಮೆ ಆ ಭಾಗ ಕೆಂಡದ ಹಾಗೆ ಕಾಣುತ್ತದೆ. ಅಲ್ಲಿಂದ ಬೇರಿಂಗ್ ಇರುವ ಜಾಗಕ್ಕೆ ಎರಡು ಮೂರು ಬೆರಳು ದೂರ ಅಷ್ಟೇ. ಆಯಿಲ್ ಹರಿಯುತ್ತಿರುವಾಗ ಒಂದೇ ಕಡೆ ನಿಲ್ಲುವುದಿಲ್ಲ. ಬಿಸಿ ಎತ್ತಿಕೊಂಡು ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರ್‌ಗೆ ಇಳಿಯುತ್ತದೆ, ಹಿಂದೆಯೇ ತಣ್ಣನೆಯದು ಬರುತ್ತದೆ.

ನೀವು ಕೀ ತಿರುಗಿಸಿ ಆಫ್ ಮಾಡಿದ ಕ್ಷಣ ಆಯಿಲ್ ಪಂಪ್ ನಿಲ್ಲುತ್ತದೆ. ಒಳಗೆ ಇದ್ದ ಅಷ್ಟಿಷ್ಟು ಆಯಿಲ್ ಅಲ್ಲೇ ಕೂರುತ್ತದೆ. ಬಿಸಿ ಮಾತ್ರ ನಿಲ್ಲುವುದಿಲ್ಲ. ಮನೆಯಲ್ಲಿ ದೋಸೆ ಹುಯ್ದು ಮುಗಿಸಿ ಒಲೆ ಆರಿಸುತ್ತೀರಿ. ಆರಿಸಿದ ಮೇಲೂ ಕಾವಲಿ ಎಷ್ಟು ಹೊತ್ತು ಬಿಸಿ ಇರುತ್ತದೆ? ಆಗ ಅದರ ಮೇಲೆ ಒಂದು ಚಮಚ ಎಣ್ಣೆ ಬಿಟ್ಟು ಸುಮ್ನೆ ಇಟ್ಟುನೋಡಿ. ಹೊಗೆ ಬರುತ್ತದೆ, ಆಮೇಲೆ ಜಿಗುಟಾಗುತ್ತದೆ, ಮರುದಿನ ಕಂದು ಬಣ್ಣದ ಜಿಡ್ಡು. ಹತ್ತು ದಿನ ಹಾಗೇ ಮಾಡಿದರೆ ಕಪ್ಪು ಹಕ್ಕಳೆ. ಟರ್ಬೊದ ಒಳಗೆ ಆಗುವುದೂ ಇದೇ. ಆಫ್ ಮಾಡಿದ ಮೇಲಿನ ಮೊದಲ ಕೆಲವು ನಿಮಿಷ ಬೇರಿಂಗ್ ಜಾಗ ಇನ್ನೂ ಬಿಸಿಯಾಗುತ್ತಾ ಹೋಗುತ್ತದೆ. ಗಾಡಿ ಓಡುವಾಗ ಇದ್ದದ್ದಕ್ಕಿಂತ ಜಾಸ್ತಿ. ಇದನ್ನು ನಂಬಲು ಕಷ್ಟ, ಆದರೆ ಕಾವಲಿ ನೆನಪಿಟ್ಟುಕೊಂಡರೆ ಅರ್ಥವಾಗುತ್ತದೆ.

ಬೆಟ್ಟಕ್ಕೂ ಟರ್ಬೊಗೂ ಹಳೆಯ ನಂಟು, ಅದನ್ನೂ ಹೇಳಿಬಿಡುತ್ತೇನೆ. ಸ್ವಿಟ್ಜರ್‌ಲ್ಯಾಂಡಿನ ಆಲ್ಫ್ರೆಡ್ ಬ್ಯೂಕಿ ಅನ್ನುವ ಎಂಜಿನಿಯರ್ 1905ರಲ್ಲೇ ಇದರ ಪೇಟೆಂಟ್‌ಗೆ ಅರ್ಜಿ ಹಾಕಿದ್ದರು. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಒಂದು ವಿಮಾನದ ಎಂಜಿನ್ನನ್ನು ಕೊಲರಾಡೊದ ಪೈಕ್ಸ್ ಪೀಕ್ ಬೆಟ್ಟದ ತುದಿಗೆ, 14,000 ಅಡಿ ಎತ್ತರಕ್ಕೆ ಸಾಗಿಸಿ ಪರೀಕ್ಷೆ ಮಾಡಿದರು. ಅಷ್ಟು ಮೇಲೆ ಗಾಳಿ ತೆಳು. ಎಂಜಿನ್ ಸೊರಗಿತು. ಟರ್ಬೊ ಜೋಡಿಸಿದ ಮೇಲೆ ಕೆಳಗೆ ಬಯಲಿನಲ್ಲಿ ಕೊಡುತ್ತಿದ್ದ ಬಲ ಮರಳಿ ಬಂತು. ಕಾರಿಗೆ ಬಂದದ್ದು 1962ರಲ್ಲಿ, ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮತ್ತು ಷೆವರ್ಲೆ ಕಾರ್ವೇರ್ ಕಾರುಗಳಲ್ಲಿ. ನಮ್ಮ ಕಡೆ 2002ರ ಸ್ಕಾರ್ಪಿಯೊ, 2005ರ ಇನ್ನೋವಾ, 2007ರ ಡೀಸೆಲ್ ಸ್ವಿಫ್ಟ್ ಬಂದ ಮೇಲೆ ಮನೆಮನೆಗೂ ಟರ್ಬೊ ಬಂತು. ಈಗ ಒಂದು ಲೀಟರಿನ ಪೆಟ್ರೋಲ್ ಕಾರಿಗೂ ಇದೆ.

“ಟರ್ಬೊ ಗಾಡಿ ನಿಲ್ಲಿಸಿದ ಮೇಲೆ ಎಂಜಿನ್ ಎರಡು ನಿಮಿಷ ಹಾಗೇ ಓಡಲು ಬಿಟ್ಟು ಆಮೇಲೆ ಆಫ್ ಮಾಡಬೇಕು” ಅನ್ನುವ ಮಾತು ಬಂದದ್ದು 1970-80ರ ಕಾಲದ ಕಾರುಗಳಿಂದ. ಆಗಿನ ಟರ್ಬೊಗಳನ್ನು ತಣ್ಣಗಿಡುತ್ತಿದ್ದದ್ದು ಆಯಿಲ್ ಒಂದೇ. ಆಯಿಲ್ ಕೂಡ ಈಗಿನಷ್ಟು ಒಳ್ಳೆಯದಲ್ಲ. ಆಮೇಲೆ ಬೇರಿಂಗ್ ಸುತ್ತ ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ, ಹರಿಯುವ ದಾರಿ ಮಾಡಿದರು. ಅದರಲ್ಲಿ ಒಂದು ಜಾಣತನ ಇದೆ. ಬೆಂಗಳೂರಿನ ಮನೆಗಳ ಮೇಲೆ ಸೋಲಾರ್ ವಾಟರ್ ಹೀಟರ್ ನೋಡಿದ್ದೀರಲ್ಲ? ಅವುಗಳಲ್ಲಿ ಹೆಚ್ಚಿನವಕ್ಕೆ ಪಂಪ್ ಇಲ್ಲ. ಬಿಸಿ ನೀರು ತಾನಾಗಿ ಮೇಲೆ ಟ್ಯಾಂಕಿಗೆ ಏರುತ್ತದೆ, ತಣ್ಣೀರು ಕೆಳಗೆ ಇಳಿಯುತ್ತದೆ. ಟರ್ಬೊ ಸುತ್ತಲಿನ ಕೂಲೆಂಟ್ ಕೂಡ ಎಂಜಿನ್ ಆಫ್ ಆದ ಮೇಲೆ ಹೀಗೇ ನಿಧಾನಕ್ಕೆ ಹರಿಯುತ್ತಿರುತ್ತದೆ. ಕೆಲವು ಪೆಟ್ರೋಲ್ ಕಾರುಗಳಲ್ಲಿ ಕರೆಂಟಿನ ಸಣ್ಣ ಪಂಪ್ ಇಟ್ಟಿರುತ್ತಾರೆ. ಆಫ್ ಮಾಡಿ ಇಳಿದ ಮೇಲೂ ಬಾನೆಟ್ ಒಳಗೆ ಗುಂಯ್ ಅನ್ನುತ್ತಿದ್ದರೆ ಗಾಬರಿ ಬೇಡ. ಫ್ಯಾನ್ ಅಥವಾ ಈ ಪಂಪ್ ತನ್ನ ಕೆಲಸ ಮಾಡುತ್ತಿದೆ.

ಹಾಗಾದರೆ ಈಗ ಕಾಯುವುದು ಬೇಡವಾ? ಬೇಡ ಅಂತ ನಾನು ಹೇಳುವುದಿಲ್ಲ. ಡೀಸೆಲ್ ಕಾರುಗಳ ಎಷ್ಟೋ ಟರ್ಬೊಗಳಲ್ಲಿ ಇವತ್ತಿಗೂ ಕೂಲೆಂಟ್ ದಾರಿ ಇಲ್ಲ. ಇರುವ ಗಾಡಿಯಲ್ಲೂ ಘಾಟಿ ಹತ್ತಿ ಬಂದ ಬಿಸಿ ಘಾಟಿ ಹತ್ತಿ ಬಂದ ಬಿಸಿಯೇ. ಆದರೆ ಎಲ್ಲ ಕಡೆ, ಎಲ್ಲ ಸಲ ಕಾಯಬೇಕಾಗಿಲ್ಲ. ಎಲ್ಲಿ ಬೇಕು, ಎಲ್ಲಿ ಬೇಡ ಅನ್ನುವುದು ತಿಳಿದಿರಬೇಕು.

ಘಾಟಿ ಹತ್ತಿದ ಮೇಲೆ ಸಿಗುವ ನಮ್ಮ ಕೊಟ್ಟಿಗೆಹಾರವನ್ನೇ ತೆಗೆದುಕೊಳ್ಳಿ. ಉಜಿರೆ ಕಡೆಯಿಂದ ಬರುವವರು ಚಾರ್ಮಾಡಿಯ ತಿರುವುಗಳನ್ನೆಲ್ಲ ಎರಡನೇ ಗೇರ್, ಮೂರನೇ ಗೇರಿನಲ್ಲಿ ಹತ್ತಿರುತ್ತಾರೆ. ಗಾಡಿ ತುಂಬಾ ಜನ, ಎಸಿ ಆನ್. ವೇಗ ಕಮ್ಮಿ, ಹಾಗಾಗಿ ಎದುರಿನ ಗಾಳಿ ಕಮ್ಮಿ. ಎಂಜಿನ್ ಮಾತ್ರ ಪೂರ್ತಿ ದುಡಿಯುತ್ತಿರುತ್ತದೆ. ಟರ್ಬೊಗೆ ಇದಕ್ಕಿಂತ ಕಷ್ಟದ ಹೊತ್ತು ಇನ್ನೊಂದಿಲ್ಲ. ಮೇಲೆ ಬಂದ ಕೂಡಲೇ ನೀರ್ ದೋಸೆ ಹೋಟೆಲ್ ಕಾಣುತ್ತದೆ. ಸರ್ರನೆ ತಿರುಗಿಸಿ, ನಿಲ್ಲಿಸಿ, ಕೀ ತೆಗೆದು ಇಳಿದುಬಿಡುತ್ತಾರೆ. ಮಕ್ಕಳಿಗೆ ಹಸಿವು, ಯಾರಿಗೋ ವಾಂತಿ, ಅವಸರ ಇದ್ದೇ ಇರುತ್ತದೆ. ಆಗುಂಬೆಯಲ್ಲೂ ಇದೇ. ಸೋಮೇಶ್ವರದಿಂದ 14 ಹೇರ್‌ಪಿನ್ ತಿರುವು ಹತ್ತಿ, ಸೂರ್ಯ ಮುಳುಗುವುದನ್ನು ನೋಡಲು ಓಡುವ ಅವಸರದಲ್ಲಿ ಎಂಜಿನ್ ಆಫ್.

ನನ್ನ ಸಲಹೆ ಇಷ್ಟು. ಕಡಿದಾದ ಏರು ಮುಗಿದ ಮೇಲೆ ಊರು ಸಿಗುವವರೆಗೆ ಸ್ವಲ್ಪ ದಾರಿ ಇದ್ದೇ ಇರುತ್ತದೆ. ಆ ಒಂದೆರಡು ಕಿಲೋಮೀಟರ್ ಆಕ್ಸಿಲೇಟರ್ ಮೇಲಿನ ಕಾಲು ಹಗುರ ಮಾಡಿ. ದೊಡ್ಡ ಗೇರಿನಲ್ಲಿ ಆರಾಮಾಗಿ ಬನ್ನಿ. ಹಾಗೆ ಬಂದರೆ ಹೊಗೆಯ ಬಿಸಿ ಇಳಿಯುತ್ತದೆ, ಎದುರು ಗಾಳಿ ಹೊಡೆಯುತ್ತದೆ, ಆಯಿಲ್ ಚೆನ್ನಾಗಿ ಹರಿಯುತ್ತದೆ. ನಿಲ್ಲಿಸಿ ಐಡಲ್‌ನಲ್ಲಿ, ಅಂದರೆ ಆಕ್ಸಿಲೇಟರ್ ಒತ್ತದೆ ಎಂಜಿನ್ ಓಡಲು ಬಿಟ್ಟು, ಕಾಯುವುದಕ್ಕಿಂತ ಇದು ಎಷ್ಟೋ ಮೇಲು. ನಿಲ್ಲಿಸಿದ ಮೇಲೆ ಮತ್ತೆ ಒಂದು ನಿಮಿಷ ಸಾಕು. ಏರಿನ ತುದಿಯಲ್ಲೇ ನಿಲ್ಲಿಸಬೇಕಾಗಿ ಬಂದರೆ ಎರಡು ನಿಮಿಷ ಐಡಲ್ ಬಿಡಿ. ಡೀಸೆಲ್ ಎಂಜಿನ್ ಐಡಲ್‌ನಲ್ಲಿ ಎಳೆಯುವ ಗಾಳಿ ಜಾಸ್ತಿ, ಉರಿಸುವ ಡೀಸೆಲ್ ಕಮ್ಮಿ. ಆಗ ಹೊಗೆಯ ಬಿಸಿ 200 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಆ ಹೊಗೆಯೇ ಟರ್ಬೊವನ್ನು ತಣ್ಣಗೆ ಮಾಡುತ್ತದೆ.

ಒಂದು ನಿಮಿಷ ಐಡಲ್‌ಗೆ ಸಣ್ಣ ಡೀಸೆಲ್ ಕಾರು ಸುಮಾರು 10 ಮಿಲಿಲೀಟರ್ ಕುಡಿಯುತ್ತದೆ. ಎರಡು ಟೀ ಚಮಚ, ಹೆಚ್ಚೆಂದರೆ ಒಂದು ರೂಪಾಯಿಯ ಡೀಸೆಲ್.

ಬಯಲು ಸೀಮೆಯಲ್ಲಿ ಇದೇ ಅಪಾಯ ಹೆದ್ದಾರಿ ಪಕ್ಕದ ಹೋಟೆಲುಗಳಲ್ಲಿ. ಚಿತ್ರದುರ್ಗ, ದಾವಣಗೆರೆ ಕಡೆ ಒಂದೂವರೆ ಗಂಟೆ 100ರಲ್ಲಿ ಓಡಿಸಿಕೊಂಡು ಬಂದು, ರಸ್ತೆಯಿಂದ ಇಳಿದ ಅರ್ಧ ನಿಮಿಷಕ್ಕೆ ಪಾರ್ಕಿಂಗ್, ಆಫ್. ಅಲ್ಲಿ ಒಂದು ನಿಮಿಷ ಬಿಡಿ. ಎಲ್ಲರೂ ಚಪ್ಪಲಿ ಹುಡುಕಿ, ಮೊಬೈಲ್ ತೆಗೆದುಕೊಂಡು ಇಳಿಯುವಷ್ಟರಲ್ಲಿ ಆ ನಿಮಿಷ ಕಳೆದಿರುತ್ತದೆ. ಅದೇ ಬೆಂಗಳೂರು–ಮೈಸೂರು ರಸ್ತೆಯಲ್ಲಿ ಬಿಡದಿಯ ತಟ್ಟೆ ಇಡ್ಲಿಗೆ ಅಂತ ಸರ್ವಿಸ್ ರಸ್ತೆಗೆ ಇಳಿದು, ಹಂಪು, ಆಟೊ, ದನ ಎಲ್ಲ ದಾಟಿ ಮೆಲ್ಲಗೆ ಬಂದರೆ ಟರ್ಬೊ ಆಗಲೇ ತಣ್ಣಗಾಗಿದೆ. ಆಫ್ ಮಾಡಿ. ಪೇಟೆಯೊಳಗೆ ಮಕ್ಕಳನ್ನು ಶಾಲೆಗೆ ಬಿಟ್ಟು ಬಂದಾಗ ಕಾಯಬೇಡಿ. ಚಾರ್ಮಾಡಿ ಇಳಿದು ಉಜಿರೆಯಲ್ಲಿ ನಿಲ್ಲಿಸುವಾಗಲೂ ಕಾಯುವುದು ಬೇಡ. ಗೇರಿನಲ್ಲಿ ಇಳಿಯುವಾಗ ಎಂಜಿನ್‌ಗೆ ಡೀಸೆಲ್ಲೇ ಹೋಗುತ್ತಿರುವುದಿಲ್ಲ, ಟರ್ಬೊ ವಿಶ್ರಾಂತಿಯಲ್ಲಿರುತ್ತದೆ. ಬಿಸಿಯಾಗಿರುವುದು ಬ್ರೇಕ್. ಐದು, ಹತ್ತು ನಿಮಿಷ ಐಡಲ್ ಬಿಡುವವರನ್ನೂ ನೋಡಿದ್ದೇನೆ. ಅದರಿಂದ ಏನೂ ಲಾಭ ಇಲ್ಲ, ಮಸಿ ಕೂರುತ್ತದೆ ಅಷ್ಟೇ. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಎಷ್ಟು ಹೊತ್ತು ಅಂತ ಬರೆದಿದ್ದರೆ ನನ್ನ ಮಾತು ಬಿಟ್ಟು ಅದನ್ನೇ ಕೇಳಿ.

ಈಗ ಒಂದು ಹಳೆಯ ಅಭ್ಯಾಸದ ಬಗ್ಗೆ ಹೇಳಲೇಬೇಕು. ಗಾಡಿ ನಿಲ್ಲಿಸುವ ಮೊದಲು ಒಂದು ಸಲ ಜೋರಾಗಿ ರೇಸ್ ಕೊಟ್ಟು, ಎಂಜಿನ್ ಕೂಗುತ್ತಿರುವಾಗಲೇ ಕೀ ತಿರುಗಿಸುವುದು. ಹಳೆಯ ಲಾರಿ, ಜೀಪು ಓಡಿಸಿದವರಿಗೆ ಇದು ಕೈಗೆ ಕೂತಿದೆ. ಮುಂದಿನ ಸಲ ಬೇಗ ಸ್ಟಾರ್ಟ್ ಆಗಲಿ ಅಂತ ಮಾಡುತ್ತಿದ್ದರು. ನಮ್ಮ ಅಪ್ಪನೂ ಮಾಡುತ್ತಿದ್ದರು. ಟರ್ಬೊ ಗಾಡಿಯಲ್ಲಿ ಇದನ್ನು ಮಾಡಿದರೆ ಏನಾಗುತ್ತದೆ ನೋಡಿ. ರೇಸ್ ಕೊಟ್ಟ ಕೂಡಲೇ ಟರ್ಬೊ ವೇಗ ಹಿಡಿಯುತ್ತದೆ. ಕೀ ತಿರುಗಿಸಿದ ಕೂಡಲೇ ಆಯಿಲ್ ಪಂಪ್ ನಿಲ್ಲುತ್ತದೆ. ಶಾಫ್ಟ್ ಮಾತ್ರ ಆ ವೇಗದಲ್ಲಿ ಇನ್ನೂ ತಿರುಗುತ್ತಲೇ ಇರುತ್ತದೆ, ಆಯಿಲ್ ಇಲ್ಲದೆ. ದಯವಿಟ್ಟು ಇವತ್ತಿನಿಂದಲೇ ಬಿಟ್ಟುಬಿಡಿ. ನಿಮ್ಮ ಗಾಡಿ ಓಡಿಸುವ ಡ್ರೈವರ್‌ಗೂ ಹೇಳಿ. ಬೈಯಬೇಡಿ, ಕಾರಣ ಹೇಳಿ. ಕಾರಣ ಗೊತ್ತಾದರೆ ಯಾರೂ ಮತ್ತೆ ಮಾಡುವುದಿಲ್ಲ.

ಬೆಳಗ್ಗೆ ಸ್ಟಾರ್ಟ್ ಮಾಡುವಾಗಲೂ ಇದೇ ಲೆಕ್ಕ. ಡಿಸೆಂಬರ್‌ನ ಚಳಿಯಲ್ಲಿ ಆಯಿಲ್ ಮಂದವಾಗಿರುತ್ತದೆ. ರಾತ್ರಿಯಿಡೀ ಅದು ಕೆಳಗೆ ಚೇಂಬರಿನಲ್ಲಿ ಇಳಿದು ಕೂತಿರುತ್ತದೆ. ಮೇಲೆ ಟರ್ಬೊವರೆಗೆ ಬರಲು ಅದಕ್ಕೆ ಕೆಲವು ಸೆಕೆಂಡ್ ಬೇಕು. ಸ್ಟಾರ್ಟ್ ಮಾಡಿ, ಸೀಟ್ ಬೆಲ್ಟ್ ಹಾಕಿ, ಕನ್ನಡಿ ಸರಿ ಮಾಡಿಕೊಳ್ಳಿ. ಆಮೇಲೆ ಹೊರಡಿ, ಟೆಂಪರೇಚರ್ ಮುಳ್ಳು ನಡುವಿಗೆ ಬರುವವರೆಗೆ ಮೆಲ್ಲಗೆ ಓಡಿಸಿ. ಹತ್ತು ನಿಮಿಷ ಅಂಗಳದಲ್ಲೇ ಓಡಿಸಿ ಬಿಸಿ ಮಾಡುವ ಅಗತ್ಯ ಇಲ್ಲ.

ಆಯಿಲ್ ವಿಷಯಕ್ಕೆ ಬರುತ್ತೇನೆ. ನೀವು ಎಷ್ಟು ನಿಮಿಷ ಐಡಲ್ ಬಿಟ್ಟಿರಿ ಅನ್ನುವುದಕ್ಕಿಂತ ಯಾವ ಆಯಿಲ್ ಹಾಕಿದಿರಿ, ಯಾವಾಗ ಬದಲಾಯಿಸಿದಿರಿ ಅನ್ನುವುದು ದೊಡ್ಡದು. ಇದು ನನ್ನ ಅನುಭವದ ಮಾತು. ತಪ್ಪದೆ ಐಡಲ್ ಬಿಟ್ಟು, ಆಯಿಲ್ ಮಾತ್ರ 20,000 ಕಿಲೋಮೀಟರ್ ಓಡಿಸಿದವರ ಟರ್ಬೊ ಹೋದದ್ದನ್ನು ನೋಡಿದ್ದೇನೆ. ಐಡಲ್ ಬಗ್ಗೆ ಏನೂ ತಿಳಿಯದೆ, ಆಯಿಲ್ ಮಾತ್ರ ಹೊತ್ತಿಗೆ ಸರಿಯಾಗಿ ಬದಲಾಯಿಸಿದವರ ಟರ್ಬೊ ಎರಡು ಲಕ್ಷ ದಾಟಿದ್ದನ್ನೂ ನೋಡಿದ್ದೇನೆ.

ಹಳೆಯ ಆಯಿಲ್ ಬೇಗ ಸೀಯುತ್ತದೆ. ಅದರಲ್ಲಿ ಮಸಿ ತುಂಬಿರುತ್ತದೆ, ಸೀಯದಂತೆ ಕಾಯುವ ಮದ್ದು ಮುಗಿದಿರುತ್ತದೆ. ಕಂಪನಿ 10,000 ಕಿಲೋಮೀಟರ್ ಅಥವಾ ಒಂದು ವರ್ಷ ಅಂದರೆ, ಎರಡರಲ್ಲಿ ಯಾವುದು ಮೊದಲೋ ಅದು. ನಮ್ಮ ಹಾಗೆ ದಿನವೂ ಏರು ಹತ್ತುವವರು, ತೋಟದ ಮಣ್ಣು ರಸ್ತೆಯಲ್ಲಿ ಓಡಿಸುವವರು 7,500ಕ್ಕೇ ಬದಲಾಯಿಸಿ. ಜೊತೆಗೆ ಫಿಲ್ಟರ್ ಕೂಡ. ಹಳೆಯ ಫಿಲ್ಟರಿನಲ್ಲಿ ಹೊಸ ಆಯಿಲ್ ಅಂದರೆ ತೊಳೆಯದ ಪಾತ್ರೆಗೆ ಹೊಸ ಹಾಲು. ಗ್ರೇಡ್ ಏನು ಅಂತ ಕೈಪಿಡಿಯಲ್ಲಿ ಇರುತ್ತದೆ. ಈಗಿನ ಹೆಚ್ಚಿನ ಟರ್ಬೊ ಕಾರುಗಳಿಗೆ ಸಿಂಥೆಟಿಕ್ ಆಯಿಲ್ ಬೇಕು. ಅದು ಬಿಸಿ ತಡೆಯುತ್ತದೆ. 2020ರ ಏಪ್ರಿಲ್ ನಂತರದ, ಬಿಎಸ್ 6 ಅನ್ನುವ ಹೊಗೆ ನಿಯಮದ ಡೀಸೆಲ್ ಗಾಡಿಗೆ ಬೂದಿ ಕಮ್ಮಿ ಬಿಡುವ ಆಯಿಲ್ಲೇ ಆಗಬೇಕು. ಇಲ್ಲದಿದ್ದರೆ ಸೈಲೆನ್ಸರಿನ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಕಟ್ಟಿಕೊಳ್ಳುತ್ತದೆ. ಡೀಸೆಲ್ ಗಾಡಿಯ ಆಯಿಲ್ ಹಾಕಿದ ಕೆಲವೇ ದಿನಕ್ಕೆ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಡಿ. ಬಣ್ಣ ನೋಡಬೇಡಿ, ಕಿಲೋಮೀಟರ್ ನೋಡಿ.

ಹದಿನೈದು ದಿನಕ್ಕೊಮ್ಮೆ ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ತೋರಿಸುವ ಕಡ್ಡಿ, ಎಳೆದು ನೋಡಿ. ಗಾಡಿ ಸಮತಟ್ಟಾದ ಜಾಗದಲ್ಲಿ ಇರಲಿ. ಆಫ್ ಮಾಡಿ ಹತ್ತು ನಿಮಿಷ ಆಗಿರಲಿ. ಆಯಿಲ್ ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಅಥವಾ ಉರಿಯುತ್ತಿದೆ. ಬಿಎಸ್ 6 ಡೀಸೆಲ್‌ನಲ್ಲಿ ಆಯಿಲ್ ಮಟ್ಟ ಏರಿದ್ದರೂ ಸುಮ್ಮನಿರಬೇಡಿ. ಡಿಪಿಎಫ್ ಮಸಿ ಸುಡಲು ಗಾಡಿ ಹೆಚ್ಚಿಗೆ ಡೀಸೆಲ್ ಬಿಡುತ್ತದೆ. ಸಣ್ಣ ಸಣ್ಣ ಓಡಾಟದಲ್ಲಿ ಆ ಕೆಲಸ ಅರ್ಧಕ್ಕೆ ನಿಂತರೆ ಡೀಸೆಲ್ ಇಳಿದು ಆಯಿಲ್‌ಗೆ ಸೇರುತ್ತದೆ. ನೀರಾದ ಆಯಿಲ್ ಮೇಲೆ ಆ ಶಾಫ್ಟ್ ತೇಲಲಾರದು.

ಏರ್ ಫಿಲ್ಟರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಫಿಲ್ಟರ್ ದಾಟಿ ಬಂದ ಒಂದು ಮರಳಿನ ಕಣ, ಅಷ್ಟು ವೇಗದ ರೆಕ್ಕೆಗೆ ತಾಗಿದರೆ ಏನಾಗಬಹುದು ಅಂತ ನೀವೇ ಯೋಚಿಸಿ. ಕೂಲೆಂಟ್ ಜಾಗದಲ್ಲಿ ಬಾವಿ ನೀರು ಹಾಕಬೇಡಿ. ತುಕ್ಕು ಹಿಡಿದು ಟರ್ಬೊದ ಸಣ್ಣ ದಾರಿಗಳೇ ಮೊದಲು ಕಟ್ಟುತ್ತವೆ.

ಮತ್ತೆ ಒಂದು ಮಾತು. ಘಾಟಿ ಹತ್ತಿ ಬಂದವರು ಬಾನೆಟ್ ತೆಗೆದು ಬಾಟಲಿ ನೀರನ್ನು ಎಂಜಿನ್ ಮೇಲೆ ಸುರಿಯುವುದನ್ನು ಪ್ರತಿ ಬೇಸಿಗೆಯಲ್ಲೂ ನೋಡುತ್ತೇನೆ. ಸುರಿಯಬೇಡಿ. ಬೀಡು ಕಬ್ಬಿಣ ಕಾದಿರುವಾಗ ತಣ್ಣೀರು ಬಿದ್ದರೆ ಸೀಳು ಬಿಡುತ್ತದೆ. ರೇಡಿಯೇಟರ್ ಮುಚ್ಚಳವನ್ನೂ ಬಿಸಿಯಲ್ಲಿ ತೆಗೆಯಬೇಡಿ, ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ತೋಟದೊಳಗೆ ಒಣ ದರಗಿನ ಮೇಲೆ ಬಿಸಿ ಗಾಡಿ ನಿಲ್ಲಿಸಬೇಡಿ. ಕೆಳಗಿನ ಸೈಲೆನ್ಸರ್, ಡಿಪಿಎಫ್ ಅಷ್ಟು ಬಿಸಿ ಇರುತ್ತವೆ. ದರಗು ಹೊತ್ತಿಕೊಂಡರೆ ಗಾಡಿ ಅಷ್ಟೇ ಅಲ್ಲ, ತೋಟವೂ ಹೋಗುತ್ತದೆ.

ಟರ್ಬೊ ಕೆಡುವ ಮೊದಲು ಹೇಳಿಯೇ ಕೆಡುತ್ತದೆ. ಕೇಳುವ ಕಿವಿ ಬೇಕು. ರೇಸ್ ಕೊಟ್ಟಾಗ ದೂರದ ಸೈರನ್ ತರಹ ಕೂಗು ಬಂದರೆ ತಡ ಮಾಡಬೇಡಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಗಾಡಿಗೆ ಎಳೆತ ಇಲ್ಲ, ಕಪ್ಪು ಹೊಗೆ, ಉಸ್ ಅನ್ನುವ ಸದ್ದು, ಇವು ಮೂರೂ ಒಟ್ಟಿಗೆ ಬಂದರೆ ಮೊದಲು ಹೋಸ್ ಪೈಪ್ ನೋಡಿಸಿ. ಟರ್ಬೊ ಒತ್ತಿದ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್‌ನ ಪೈಪಿನ ಕ್ಲಿಪ್ ಸಡಿಲವಾಗಿದ್ದಕ್ಕೇ “ಟರ್ಬೊ ಹೋಯಿತು” ಅಂದುಕೊಂಡು ಬಂದವರು ಎಷ್ಟೋ ಜನ. ಆ ಪೈಪಿನೊಳಗೆ ತೆಳ್ಳಗೆ ಆಯಿಲ್ ಪಸೆ ಇದ್ದರೆ ಅದೂ ಸಹಜ.

ತೀರಾ ಅಪರೂಪಕ್ಕೆ ಇನ್ನೊಂದು ಆಗುತ್ತದೆ. ಟರ್ಬೊದ ಸೀಲ್ ಪೂರ್ತಿ ಹೋಗಿ, ಡೀಸೆಲ್ ಎಂಜಿನ್ ತನ್ನದೇ ಆಯಿಲ್ ಕುಡಿದು ಓಡಲು ಶುರು ಮಾಡುತ್ತದೆ. ಕೀ ತೆಗೆದರೂ ನಿಲ್ಲುವುದಿಲ್ಲ. ನನ್ನ ಶೆಡ್ಡಿನ ಎದುರೇ ಒಂದು ಸಲ ಆಗಿದೆ. ಬಿಳಿ ಹೊಗೆಯಲ್ಲಿ ರಸ್ತೆಯೇ ಕಾಣಲಿಲ್ಲ, ಎಂಜಿನ್ ಕಿರುಚುತ್ತಿತ್ತು. ಗೇರ್ ಇರುವ ಗಾಡಿಯಾದರೆ ಹ್ಯಾಂಡ್ ಬ್ರೇಕ್ ಎಳೆದು, ಬ್ರೇಕ್ ಬಲವಾಗಿ ಒತ್ತಿ, ದೊಡ್ಡ ಗೇರಿಗೆ ಹಾಕಿ ಕ್ಲಚ್ ಬಿಟ್ಟುಬಿಡಬೇಕು. ಎಂಜಿನ್ ಉಸಿರುಕಟ್ಟಿ ನಿಲ್ಲುತ್ತದೆ. ಅದು ಆಗದಿದ್ದರೆ ಇಳಿದು ಎಲ್ಲರೂ ದೂರ ಹೋಗಿ. ಬಾನೆಟ್ ಹತ್ತಿರ ಬಗ್ಗಬೇಡಿ.

ಈಗ ಆ ಬೋಲ್ಟ್ ಕತೆ. ಅದು 74,000 ಕಿಲೋಮೀಟರ್ ಓಡಿದ ಡೀಸೆಲ್ ಕಾರಿನದು. ವಾರಕ್ಕೆರಡು ಸಲ ಘಾಟಿ ಹತ್ತುತ್ತಿದ್ದ ಗಾಡಿ. ಟರ್ಬೊ ಹೋಯಿತು ಅಂತ ನನ್ನ ಹತ್ತಿರ ತಂದರು. ಶಾಫ್ಟ್ ಹಿಡಿದು ಅಲ್ಲಾಡಿಸಿದರೆ ಲಟಲಟ ಅನ್ನುತ್ತಿತ್ತು. ನಾನು ಹೊಸ ಟರ್ಬೊ ಕೂರಿಸಿದೆ, ಹೊಸ ಗ್ಯಾಸ್ಕೆಟ್ ಹಾಕಿದೆ, ಹೊಸ ಆಯಿಲ್ ತುಂಬಿದೆ. ಪೈಪ್ ಮತ್ತು ಈ ಬೋಲ್ಟನ್ನು ಹೊರಗಿನಿಂದ ಒರೆಸಿ ಹಳೆಯದನ್ನೇ ಹಾಕಿದೆ. ಮೂರು ವಾರಕ್ಕೆ ಹೊಸ ಟರ್ಬೊ ಕೂಡ ಹೋಯಿತು. ತಪ್ಪು ನನ್ನದೇ. ಎರಡನೆಯದರ ಖರ್ಚು ನಾನೇ ಹಾಕಿದೆ. ಆ ಮನೆಯವರು ಇವತ್ತಿಗೂ ನನ್ನಲ್ಲಿಗೇ ಬರುತ್ತಾರೆ, ಅದು ಅವರ ದೊಡ್ಡತನ.

ಅಂದಿನಿಂದ ನನ್ನ ಶೆಡ್ಡಿನಲ್ಲಿ ಒಂದು ಕ್ರಮ ಇದೆ. ಹಳೆಯ ಟರ್ಬೊ ಯಾಕೆ ಹೋಯಿತು ಅಂತ ಗೊತ್ತಾಗುವವರೆಗೆ ಹೊಸದನ್ನು ಡಬ್ಬದಿಂದ ತೆಗೆಯುವುದಿಲ್ಲ. ಆಯಿಲ್ ಬರುವ ಪೈಪ್, ಬೋಲ್ಟ್ ಹೊಸದು. ಆಯಿಲ್ ವಾಪಸ್ ಇಳಿಯುವ ಪೈಪ್ ಬಿಚ್ಚಿ ತೊಳೆಯುತ್ತೇವೆ. ಚೇಂಬರ್ ಇಳಿಸಿ ಸ್ಟ್ರೈನರ್ ಜಾಲರಿ ನೋಡುತ್ತೇವೆ. ಎಂಜಿನ್ ಒಳಗಿನ ಆವಿ ಹೊರಹೋಗುವ ದಾರಿ, ಬ್ರೀದರ್, ಕಟ್ಟಿದೆಯಾ ನೋಡುತ್ತೇವೆ, ಅದು ಕಟ್ಟಿದ್ದರೆ ಆಯಿಲ್ ಕೆಳಗೆ ಇಳಿಯದೆ ಟರ್ಬೊ ಸೀಲಿನಿಂದ ಸೋರುತ್ತದೆ. ಕೂರಿಸುವಾಗ ಹೊಸ ಟರ್ಬೊದ ಬಾಯಿಗೆ ಆಯಿಲ್ ಬಿಟ್ಟು ಕೈಯಲ್ಲಿ ಶಾಫ್ಟ್ ತಿರುಗಿಸುತ್ತೇವೆ. ನೀವು ಎಲ್ಲೇ ಟರ್ಬೊ ಬದಲಾಯಿಸಿದರೂ ಇಷ್ಟನ್ನು ಕೇಳಿ. ಕೇಳಿದ್ದಕ್ಕೆ ಸಿಡುಕುವ ಕಡೆ ಕೆಲಸ ಕೊಡಬೇಡಿ.

ಇನ್ನು ನಿಮ್ಮ ಪ್ರಶ್ನೆಗಳು.

ಒಬ್ಬರು ಟರ್ಬೊ ಟೈಮರ್ ಹಾಕಿಸಬಹುದಾ ಅಂತ ಕೇಳಿದರು. ಕೀ ತೆಗೆದ ಮೇಲೂ ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸುವ ಪೆಟ್ಟಿಗೆ ಅದು. ನಾನು ಹಾಕಿಸಿ ಅನ್ನುವುದಿಲ್ಲ. ಯಾರೂ ಇಲ್ಲದ ಗಾಡಿ ಓಡುತ್ತಿರುವುದು ಸರಿಯಲ್ಲ, ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ. ವೈರಿಂಗ್ ಕತ್ತರಿಸಿದರೆ ವಾರಂಟಿಗೂ ತೊಂದರೆ. ಕೊನೆಯ ಎರಡು ಕಿಲೋಮೀಟರ್ ಮೆಲ್ಲಗೆ ಬನ್ನಿ, ಸಾಕು. ಮುಚ್ಚಿದ ಶೆಡ್ಡಿನೊಳಗೆ ಮಾತ್ರ ಐಡಲ್ ಬಿಡಬೇಡಿ. ಆ ಹೊಗೆಯಲ್ಲಿ ವಾಸನೆಯೇ ಇಲ್ಲದ ವಿಷಾನಿಲ ಇರುತ್ತದೆ, ಗೊತ್ತಾಗುವ ಮೊದಲೇ ಪ್ರಾಣ ಹೋಗಬಹುದು. ಹೊರಗೇ ಕಾದು, ಆಮೇಲೆ ಒಳಗೆ ತನ್ನಿ.

ಸಿಗ್ನಲ್‌ನಲ್ಲಿ ತಾನಾಗಿ ಆಫ್ ಆಗುವ ಗಾಡಿಯ ಬಗ್ಗೆ ಒಬ್ಬ ಹುಡುಗ ಕೇಳಿದ. ಪೇಟೆಯ ಓಡಾಟದಲ್ಲಿ ಅದರಿಂದ ಏನೂ ಆಗುವುದಿಲ್ಲ. ಆದರೆ ಘಾಟಿಯಲ್ಲಿ ಲಾರಿ ಕೆಟ್ಟು ರಸ್ತೆ ಬ್ಲಾಕ್ ಆದಾಗ, ಹೆದ್ದಾರಿಯಲ್ಲಿ ಜೋರಾಗಿ ಬಂದು ಟೋಲ್ ಸಾಲಿನಲ್ಲಿ ನಿಂತಾಗ ಆ ಸೌಲಭ್ಯವನ್ನು ಅದರ ಬಟನ್ ಒತ್ತಿ ಬಂದ್ ಮಾಡಿ, ಎಂಜಿನ್ ಓಡುತ್ತಿರಲಿ.

ಇನ್ನೊಬ್ಬರು, “ಮಾರಾಯ್ರೆ, ನಾನು 40ರ ಮೇಲೆ ಓಡಿಸುವುದೇ ಇಲ್ಲ, ನನ್ನ ಟರ್ಬೊ ಗಟ್ಟಿ ಅಲ್ವಾ?” ಅಂದರು. ಅಷ್ಟು ಮೆಲ್ಲಗೆ ಓಡಿಸಿದರೂ ಕಷ್ಟ. ಕೆಲವು ಡೀಸೆಲ್ ಟರ್ಬೊಗಳಲ್ಲಿ ಹೊಗೆಯ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವ ಸಣ್ಣ ರೆಕ್ಕೆಗಳಿವೆ. ಯಾವಾಗಲೂ ಮೆಲ್ಲಗೆ ಓಡಿಸಿದರೆ ಅವು ಮಸಿ ಹಿಡಿದು ಅಂಟಿಕೊಳ್ಳುತ್ತವೆ. ವಾರಕ್ಕೊಮ್ಮೆ ಅರ್ಧ ಗಂಟೆ ಒಳ್ಳೆಯ ರಸ್ತೆಯಲ್ಲಿ 70-80ರಲ್ಲಿ ಓಡಿಸಿ ಬನ್ನಿ. ಹಾಗೆಯೇ ಏರಿನಲ್ಲಿ ದೊಡ್ಡ ಗೇರಿನಲ್ಲಿ ಗಾಡಿ ಗುದುಗುದು ಅಂತಿರುವಾಗ ಆಕ್ಸಿಲೇಟರ್ ಒತ್ತಬೇಡಿ. ಪೆಟ್ರೋಲ್ ಟರ್ಬೊಗೆ ಅದು ಬಹಳ ಕೆಟ್ಟದು, ಪಿಸ್ಟನ್ನೇ ಒಡೆಯಬಹುದು. ಒಂದು ಗೇರ್ ಇಳಿಸಿ.

ಕೊನೆಗೆ ಒಬ್ಬ ಅಕ್ಕ ಎದ್ದು ನಿಂತರು. “ಅಣ್ಣ, ನನ್ನ ಗಾಡಿ 1,10,000 ಓಡಿದೆ. ಇಷ್ಟು ವರ್ಷ ಘಾಟಿ ಹತ್ತಿ ಬಂದು ಹಾಗೇ ಆಫ್ ಮಾಡಿದ್ದೇನೆ. ಈಗ ಶುರು ಮಾಡಿದರೆ ಪ್ರಯೋಜನ ಇದೆಯಾ?”

ಇದೆ ಅಕ್ಕ. ಆಗಲೇ ಕೂತ ಹಕ್ಕಳೆ ತಾನಾಗಿ ಹೋಗುವುದಿಲ್ಲ, ಆದರೆ ಹೊಸದು ಸೇರುವುದು ನಿಲ್ಲುತ್ತದೆ. ಈಗ ಆಯಿಲ್, ಫಿಲ್ಟರ್ ಬದಲಾಯಿಸಿ. ಮುಂದಿನ ಎರಡು ಸಲ 5,000ಕ್ಕೇ ಬದಲಾಯಿಸಿ. ಮಂಗಳವಾರ ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಗಾಡಿ ತನ್ನಿ. ಶಾಫ್ಟ್ ಅಲ್ಲಾಡಿಸಿ ನೋಡೋಣ. ಆ ಬೋಲ್ಟ್ ಬಿಚ್ಚಿ ನಿಮ್ಮ ಕೈಗೇ ಕೊಡುತ್ತೇನೆ, ಬೆಳಕಿಗೆ ಹಿಡಿದು ನೀವೇ ನೋಡಿ.